ಸುಮ್ಮನಿರಿಸುವ ಗುಳಿಗೆ

ಮೊಮ್ಮಕ್ಕಳೇ, ಮೊನ್ನೆ ನಿಮ್ಮಲ್ಲಿ ಡಾಕ್ಟರಿಕೆ ಓದುವವಳು ನನ್ನ ಪಕ್ಕ ಕೂತು ಮೆದುಳಿನ ಚಿತ್ರ ಬರೆದು ತೋರಿಸಿದಳು. ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಸಣ್ಣ ಸಂದು. ಆ ಸಂದು ದಾಟಿ ಬಂದ ರಾಸಾಯನಿಕವನ್ನು ಹಿಡಿದುಕೊಳ್ಳುವುದು ಆಚೆ ಬದಿಯ ಗ್ರಾಹಕ. ಕೆಲವು ಗ್ರಾಹಕಗಳು ಕೋಶವನ್ನು ಎಬ್ಬಿಸುತ್ತವೆ. ಗಾಬಾ ಎಂಬ ರಾಸಾಯನಿಕವನ್ನು ಹಿಡಿಯುವವು ಸುಮ್ಮನಿರಿಸುತ್ತವೆ.

"ಆಯೀ, ತಿಳೀತೇನ?" ಎಂದಳು. ತಲೆಯಾಡಿಸಿದೆ. ಆ ಗ್ರಾಹಕದ ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಡುವ ಗುಳಿಗೆಯನ್ನು ನಾನೇ ನುಂಗಿದ್ದೆ ಎನ್ನಲು ಬಾಯಿ ಬರಲಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದಕ್ಕೇ ಈ ಬರಹ.

ಎಪ್ಪತ್ತರ ದಶಕದಲ್ಲಿ ಮೈಂದರ್ಗಿಯಿಂದ ಸೊಲ್ಲಾಪುರದ ಬಟ್ಟೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದೆ. ವರ್ಷದೊಳಗೆ ಮೂರ್ಛೆ ಶುರುವಾಯಿತು. ನನಗೆ ಗೊತ್ತಾಗುತ್ತಿದ್ದುದು ಎಚ್ಚರವಾದ ಮೇಲಿನದು ಮಾತ್ರ: ಕಚ್ಚಿಕೊಂಡ ನಾಲಿಗೆ, ಮೂಗಿನ ಹತ್ತಿರ ಜಜ್ಜಿದ ಉಳ್ಳಾಗಡ್ಡಿ, ಸುತ್ತ ನಿಂತ ಕಾಲುಗಳು. ವಿಜಾಪುರ ರಸ್ತೆಯ ಡಾಕ್ಟರರ ಗುಳಿಗೆಯಿಂದ ಅದು ನಿಂತಿತು. ಆದರೆ ನಾನೂ ಮಂಕಾದೆ. ಅಂಗಡಿಗೆಂದು ಕೂಸಿನ ಝಬಲಾ ಅಂಗಿ ಹೊಲಿಯಲು ಅತ್ತೆ ಕಲಿಸುತ್ತಿದ್ದರು. ಮುಂಜಾನೆ ಕಲಿತದ್ದು ಸಂಜೆಗೆ ಇರುತ್ತಿರಲಿಲ್ಲ. ಹೊಲಿಗೆಯ ಮಷೀನಿನ ಮೇಲೆಯೇ ತೂಕಡಿಸುತ್ತಿದ್ದೆ.

"ಮಷೀನ ಅಲ್ಲ ತಂಗೀ, ಹಾಸಗಿ ಕೊಡಸು ಇಕಿಗೆ," ಎಂದು ಅತ್ತೆಯ ಅಕ್ಕ ನಕ್ಕರು. "ತವರಿಗೆ ಕಳಿಸಿಬಿಡು. ಹುಡುಗಗ ಬ್ಯಾರೆ ನೋಡೂಣು."

ಅತ್ತೆ ಹೂಂ ಎಂದರು. ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗುವುದು, ಅಲ್ಲಿಗೆ ನನ್ನ ತಂದೆ ಬಂದು ನನ್ನನ್ನು ಕರೆದೊಯ್ಯುವುದು ಎಂದಾಯಿತು. ಮರಳಿ ತರುವ ಮಾತನ್ನು ಯಾರೂ ಆಡಲಿಲ್ಲ. ನಿಮ್ಮ ಅಜ್ಜ ತಾಯಿಯ ಮುಂದೆ ಬಾಯಿ ತೆರೆಯುವವರಲ್ಲ.

ದರ್ಶನಕ್ಕೆ ಮುಂಚಿನ ವಾರ ಅತ್ತೆಗೂ ನನಗೂ ಒಪ್ಪತ್ತು. ವ್ರತದಲ್ಲಿ ದವಾಖಾನೆಯ ವಸ್ತು ಹೊಟ್ಟೆಗೆ ಹೋಗಬಾರದೆಂದು ಅತ್ತೆ ಗುಳಿಗೆಗಳನ್ನು ಎತ್ತಿಟ್ಟರು. ನನ್ನ ನಿದ್ದೆ ಹೋಯಿತು, ಕೈ ನಡುಗತೊಡಗಿತು. ಅಕ್ಕಲಕೋಟದ ಬಸ್ ನಿಲ್ದಾಣದಲ್ಲಿ ಇಳಿದದ್ದು ನೆನಪಿದೆ. ಆಮೇಲೆ ನೆನಪಿರುವುದು ನನ್ನ ತಲೆಯ ಕೆಳಗಿದ್ದ ಅತ್ತೆಯ ತೊಡೆ.

ಯಾರೋ ಮೂಸಿಸಲು ಚಪ್ಪಲಿ ತಂದಿದ್ದರು. "ಕಾಲಾಗ ಹಾಕ್ಕೋ ಅದನ್ನ!" ಎಂದು ಅತ್ತೆ ಗದರುತ್ತಿದ್ದರು. ಅಷ್ಟರಲ್ಲಿ ನನ್ನ ತಂದೆ ಬಂದು ಬಗ್ಗಿ ನೋಡಿ ಅತ್ತೆಗೆ, "ಕರಕೊಂಡು ಹೋಗ್ತೀನ್ರಿ ಅಕ್ಕಾರ," ಎಂದರು.

"ಹೆಂಗ ಕಳಿಸ್ಲಿ ಬೀಗರ? ಗುಳಿಗಿ ತಪ್ಪಿಸಿದಾಕಿ ನಾನು. ನಾ ಕೆಡಿಸಿದ್ದನ್ನ ನಿಮ್ಮ ಕೈಯಾಗ ಇಟ್ಟು ಹೋಗ್ಲೇನು?"

ತಂದೆ ಒಬ್ಬರೇ ಮೈಂದರ್ಗಿ ಬಸ್ಸು ಹತ್ತಿದರು. ನಾವು ಸೊಲ್ಲಾಪುರಕ್ಕೆ, ನೇರ ಡಾಕ್ಟರರ ಬಳಿ ಹೋದೆವು.

"ಅಮ್ಮಾರ, ಮೆದುಳಿನಾಗ ನಡಿ ಅನ್ನಾವೂ ಅದಾವ, ನಿಲ್ಲು ಅನ್ನಾವೂ ಅದಾವ," ಎಂದರು ಡಾಕ್ಟರರು. "ಗುಳಿಗಿ ನಿಲ್ಲು ಅನ್ನಾವಕ್ಕ ಬಲ ಕೊಡತೈತಿ. ಮೆದುಳಿಗೆ ಅದು ರೂಢಿ ಆದ ಮ್ಯಾಲ ಒಮ್ಮೆಲೆ ಕಸಗೊಂಡ್ರ ಎಲ್ಲಾ ಕೂಡಿ ಓಡತಾವ."

"ಹಂಗಾದ್ರ ಇಕಿ ಕಲಿಯೂದು ಯಾವಾಗ್ರಿ?" ಅತ್ತೆ ಕೇಳಿದರು.

"ನಿಲ್ಲು ಅನ್ನೂದು ಹೆಚ್ಚಾದ್ರ ಕಲಿತದ್ದು ಉಳಿಯಂಗಿಲ್ಲ. ಸಾವಕಾಶ ಕಡಿಮಿ ಮಾಡೂಣು."

ಗುಳಿಗೆ ಮತ್ತೆ ಶುರುಮಾಡಿ ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಿದರು. ಕೊಡುವ ಕೈ ಅತ್ತೆಯದೇ, ಏಕಾದಶಿಯಂದೂ ತಪ್ಪಿಸಲಿಲ್ಲ. ಮೂರ್ಛೆ ಮರಳಲಿಲ್ಲ. ಒಂದು ದಿನ, ಮುಂಜಾನೆ ತೋರಿಸಿದ ಕೊರಳಪಟ್ಟಿ ಸಂಜೆಗೂ ಕೈಯಲ್ಲಿ ಉಳಿದಿತ್ತು. ಯಾರನ್ನೂ ಕೇಳದೆ ಝಬಲಾ ಮುಗಿಸಿ ಅತ್ತೆಗೆ ಕೊಟ್ಟೆ. ಅವರ ಅಕ್ಕನೂ ಅಲ್ಲಿದ್ದರು.

ಅತ್ತೆ ತಿರುಗಿಸಿ ನೋಡಿದರು. "ಒಂದು ತೋಳು ಆನಿಮರಿಗಿ, ಒಂದು ಇಲಿಮರಿಗಿ. ಬಿಚ್ಚು. ನಾಳಿ ಮತ್ತ ಹೊಲಿಯುವಂತಿ, ನೀ ಎಲ್ಲಿ ಹೋಗಾಕಿ?"