ಕಮಾನಿಗೆ ಎರಡು ಪಟ್ಟಿ ಹೆಚ್ಚು

ನಮ್ಮ ಬ್ರಷಿ ಕ್ರೀಕ್ ಕಣಿವೆಯಲ್ಲಿ ಕಳ್ಳಭಟ್ಟಿ ಸಾಗಿಸದ ಗಂಡಸು ಅಂತ ಇದ್ದವನು ಒಬ್ಬನೇ, ನನ್ನ ದೊಡ್ಡಪ್ಪನ ಮಗ ಹಾಲಿಸ್ ಟೀಗ್. ಪಾದ್ರಿಗಳನ್ನು ನಾನು ಇದರಲ್ಲಿ ಸೇರಿಸಿಲ್ಲ. ಅವರು ಸಾಗಿಸುತ್ತಿರಲಿಲ್ಲ, ಬಂದದ್ದನ್ನು ಕೆಮ್ಮಿನ ಔಷಧಿ ಅಂತ ತೆಗೆದುಕೊಳ್ಳುತ್ತಿದ್ದರು, ಅಷ್ಟೇ.

ದೊಡ್ಡಪ್ಪ ರೂಫಸ್ ಜೋಳದ ಭಟ್ಟಿ ಇಳಿಸುವುದರಲ್ಲಿ ಎತ್ತಿದ ಕೈ. ಓಡಿ ತಪ್ಪಿಸಿಕೊಳ್ಳುವುದರಲ್ಲಿ ಅಲ್ಲ. ಹಾಗಾಗಿ ಅಟ್ಲಾಂಟಾದ ಜೈಲಿನಲ್ಲೇ ತೀರಿಕೊಂಡ. ದೊಡ್ಡಮ್ಮ ಸಾಯುವ ಮುಂಚೆ ಹಾಲಿಸನ ಕೈಯನ್ನು ಬೈಬಲಿನ ಮೇಲಿಟ್ಟು, "ನಿನ್ನ ಗಾಡಿಯಲ್ಲಿ ಅದರ ಒಂದು ತೊಟ್ಟು ಕೂಡ ಕೂರಬಾರದು ಮಗಾ" ಅಂತ ಮಾತು ತೆಗೆದುಕೊಂಡಳು. ಆ ಮಾತನ್ನು ಅವನು ಅಂಗಿಯ ಹಾಗೆ ದಿನವೂ ತೊಟ್ಟುಕೊಂಡು ತಿರುಗಿದ. ಹತ್ತಿ ಮಿಲ್ಲಿನಲ್ಲಿ ಮಗ್ಗ ರಿಪೇರಿಯ ಕೆಲಸ. ಟೀಗ್ ಅಂದರೆ ಊರಿನವರು ಮೂಗೆಳೆದು ವಾಸನೆ ಹಿಡಿಯುತ್ತಿದ್ದರು. ಹಾಲಿಸ್ ಟೀಗ್ ಅಂದರೆ ಮಾತ್ರ, "ಓ, ಅವನಾ, ಅವನು ಬೇರೆ" ಅನ್ನುತ್ತಿದ್ದರು. ಆ 'ಬೇರೆ' ಅನ್ನುವುದೇ ಅವನ ಆಸ್ತಿ.

ಯುದ್ಧ ಮುಗಿಸಿ ಬಂದವನು ಒಂದು ವಿಟ್‌ಕಾಂಬ್ ಕಾರು ಕೊಂಡ. ಆ ಕಾರಿನ ಕಂಪನಿ ಈಗಿಲ್ಲ, ಆಗಲೂ ಇದ್ದೂ ಇಲ್ಲದ ಹಾಗೆ ಇತ್ತು. ಬಟ್ಟೆ ಒಗೆಯುವ ತೊಟ್ಟಿಯನ್ನು ಮಗುಚಿ ಹಾಕಿ ಕಿಟಕಿ ಕೊರೆದ ಹಾಗಿದ್ದ ಕಾರು. ಎಂಜಿನ್ ಎಷ್ಟು ಬಡಪಾಯಿಯೆಂದರೆ ಏರು ಕಂಡರೆ ನಿಟ್ಟುಸಿರು ಬಿಡುತ್ತಿತ್ತು. ಅದರ ದೊಡ್ಡ ಹೆಮ್ಮೆಯೆಂದರೆ ಸೀಟುಗಳನ್ನು ಮಲಗಿಸಿದರೆ ಹಾಸಿಗೆಯಾಗುತ್ತಿದ್ದುದು. ಪಾದ್ರಿ ಸ್ಟ್ರೌಡ್ ಒಂದು ಭಾನುವಾರ ಪೂರ್ತಿ ಆ ಹಾಸಿಗೆಯ ವಿರುದ್ಧವೇ ಉಪದೇಶ ಕೊಟ್ಟರು. ಅದಾದ ಮೇಲೆ ಊರಿನ ಹುಡುಗಿಯರೆಲ್ಲ ಆ ಕಾರನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಹಾಲಿಸ್ ಮಾತ್ರ ಅದರಲ್ಲಿ ಕೂರಿಸಿಕೊಳ್ಳುತ್ತಿದ್ದುದು ಚರ್ಚಿನಲ್ಲಿ ಹಾಡುವ ಅಕ್ಕಂದಿರನ್ನು.

ಭಾನುವಾರ ಬೆಳಿಗ್ಗೆ ಅವನು ಗುಡ್ಡದ ಮನೆಗಳಿಗೆ ಹೋಗಿ ಅವರನ್ನು ಹತ್ತಿಸಿಕೊಂಡು ಬರುತ್ತಿದ್ದ. ಕೊನೆಗೆ ಹತ್ತುತ್ತಿದ್ದವಳು ಐಸಿ ಅಕ್ಕ. ದೇವರು ಅವಳ ವಿಷಯದಲ್ಲಿ ಕೈ ಬಿಗಿ ಹಿಡಿದಿರಲಿಲ್ಲ. ಮೈಯೂ ಧಾರಾಳ, ಸ್ವರವೂ ಧಾರಾಳ. ಅವಳು ಕೆಳಗಿನ ಸ್ವರ ಹಿಡಿದರೆ ಚರ್ಚಿನ ಬೆಂಚು ಗುಂಯ್ ಅನ್ನುತ್ತಿತ್ತು, ಕೂತವರ ತೊಡೆಗೂ ಭಕ್ತಿ ಹತ್ತುತ್ತಿತ್ತು. ಒಂದು ಭಾನುವಾರ ತೊರೆ ದಾಟುವಾಗ ತೊಟ್ಟಿ ಕಾರಿನ ಹೊಟ್ಟೆ ಬಂಡೆಗೆ ತಗುಲಿ ನಿಂತುಬಿಟ್ಟಿತು. ಐಸಿ ಅಕ್ಕ ಇಳಿದಳು, ಕಾರು ಎದ್ದಿತು. ತೊರೆಯ ಪಕ್ಕದ ಅಂಗಡಿ ಕಟ್ಟೆಯ ಮೇಲಿದ್ದ ಸೋಮಾರಿಗಳು ಕೈ ತಟ್ಟಿದರು. ಮುಂದಿನ ವಾರ ಐಸಿ ಅಕ್ಕನಿಗೆ ಮಂಡಿನೋವು. ಅದರ ಮುಂದಿನ ವಾರವೂ ಮಂಡಿನೋವು. ಅವಳಿಲ್ಲದ ಹಾಡು ತಳವಿಲ್ಲದ ಕೊಡದ ಹಾಗಾಯಿತು.

ಹಾಲಿಸ್ ನನ್ನ ಕೊಟ್ಟಿಗೆಗೆ ಬಂದ. ಅಲ್ಲಿ ನಾನು ಮಾಡುತ್ತಿದ್ದ ಕೆಲಸ ಊರಿಗೆಲ್ಲ ಗೊತ್ತು. ಭಟ್ಟಿ ತುಂಬಿದ ಕಾರಿನ ಹಿಂಭಾಗ ಕುಸಿದರೆ ಶೆರೀಫನ ಕಣ್ಣಿಗೆ ಬೀಳುತ್ತದೆ. ಅದಕ್ಕೇ ಹಿಂದಿನ ಚಕ್ರಗಳ ಮೇಲೆ ಭಾರ ಹೊರುವ ಉಕ್ಕಿನ ಕಮಾನಿಗೆ ಎರಡು ಪಟ್ಟಿ ಹೆಚ್ಚಾಗಿ ಜೋಡಿಸಿಬಿಟ್ಟರೆ, ಎಷ್ಟು ತುಂಬಿದರೂ ಕಾರು ಉಪವಾಸವಿದ್ದ ಹಾಗೆ ಕಾಣುತ್ತದೆ.

"ಲೋ ಕ್ಲೀಟ್, ಎಲ್ರಿಗೂ ಹಾಕ್ಕೊಡ್ತೀಯಲ್ಲ, ಆ ಪಟ್ಟಿ ನಂಗೂ ಹಾಕು."

"ಅಂತೂ ಬುದ್ಧಿ ಬಂತಲ್ಲಪ್ಪ. ಎಷ್ಟು ಗ್ಯಾಲನ್?"

"ಗ್ಯಾಲನ್ ಅಲ್ಲ ಕಣೋ," ಅಂದ. "ಐಸಿ ಅಕ್ಕ."

ನಾನು ನಗುವುದಕ್ಕೆ ಬಾಯಿ ತೆರೆದೆ. ಅವನ ಮುಖ ನೋಡಿ ತಂಬಾಕು ಹಾಕಿಕೊಂಡು ಬಾಯಿ ಮುಚ್ಚಿದೆ.

"ಯಾರ ಹತ್ರಾನೂ ಅನ್ಬೇಡ. ಕಂಪನಿಯೋರೇ ಎಲ್ಲ ಕಾರಿಗೂ ಹೊಸ ಕಮಾನು ಕಳಿಸಿದ್ರು ಅಂತೀನಿ ಅವಳಿಗೆ."

ಹಾಗೇ ಹೇಳಿದ. ಐಸಿ ಅಕ್ಕ ಹತ್ತಿದಳು, ಕಾರು ತೊರೆಯನ್ನು ಬಾತುಕೋಳಿಯ ಹಾಗೆ ದಾಟಿತು, ಚರ್ಚಿನ ಬೆಂಚು ಮತ್ತೆ ಗುಂಯ್ ಅಂದಿತು.

ಮರುವರ್ಷ ಬೇಸಿಗೆಯಲ್ಲಿ ಎಲ್ಕ್ ಹಾಲೋದ ಕೆಮ್ಮಣ್ಣಿನ ಮೈದಾನದಲ್ಲಿ ರೇಸು ಇಟ್ಟರು. ಒಂದೇ ನಿಯಮ: ಕಾರು ಅಂಗಡಿಯಿಂದ ತಂದ ಹಾಗೇ ಇರಬೇಕು, ಮನೆಯಲ್ಲಿ ಒಂದು ಮೊಳೆಯನ್ನೂ ಹೊಡೆದಿರಬಾರದು. ಅಂಗಡಿ ಕಟ್ಟೆಯಲ್ಲಿ ಗಾರ್ಲಂಡ್ ಶೂ ಹಾಲಿಸನನ್ನು ಕೆಣಕಿದ. ಗಾರ್ಲಂಡ್ ನಮ್ಮ ಕಣಿವೆಯ ಅತಿವೇಗದ ಭಟ್ಟಿ ಸಾಗಣೆಗಾರ, ಅದನ್ನು ಹೇಳಿಕೊಳ್ಳುವುದರಲ್ಲಿ ಇನ್ನೂ ವೇಗ.

"ಬರ್ತೀಯೇನೋ ಹಾಲಿಸ್? ನಿನ್ನ ತೊಟ್ಟಿಗೆ ಸೋಪು ನಾನು ತರ್ತೀನಿ."

"ತಾ. ನಿಂಗೆ ಬೇಕಾಗತ್ತೆ," ಅಂದ ಹಾಲಿಸ್. ಅವನು ಅಷ್ಟು ಮಾತಾಡಿದ್ದು ಅವನಿಗೇ ಆಶ್ಚರ್ಯವಾಯಿತು. ಆಡಿದ ಮೇಲೆ ಹಿಂದೆಗೆಯುವುದು ಟೀಗರ ರಕ್ತದಲ್ಲಿಲ್ಲ.

ರೇಸಿನ ಹಿಂದಿನ ದಿನ ನನ್ನ ಕೊಟ್ಟಿಗೆಯ ಮುಂದೆ ಸಾಲು. ಕಳ್ಳರೆಲ್ಲರೂ ಮರೆಯದೆ ಬಂದು ತಮ್ಮ ಕಾರುಗಳ ಹೆಚ್ಚಿನ ಪಟ್ಟಿ ಬಿಚ್ಚಿಸಿಕೊಂಡು ಹೋದರು. ಹಾಲಿಸ್ ಬರಲಿಲ್ಲ. ಸಾಚಾ ಮನುಷ್ಯನಿಗೆ ಬಿಚ್ಚಿಡುವುದು ಏನಿರುತ್ತದೆ? ಅವನ ಪಾಲಿಗೆ ಆ ಪಟ್ಟಿಗಳು ಕಾರಿನವಲ್ಲ, ಚರ್ಚಿನ ಹಾಡಿನವು. ನನಗೂ ಹೊಳೆಯಲಿಲ್ಲ. ಅವನನ್ನು ಕಳ್ಳರ ಸಾಲಿನಲ್ಲಿ ನಿಲ್ಲಿಸಿ ಯೋಚಿಸುವ ಅಭ್ಯಾಸವೇ ನನಗಿರಲಿಲ್ಲ.

ಮೈದಾನಕ್ಕೆ ಎಲ್ಲರೂ ಮನೆಯಿಂದ ಕಾರು ಓಡಿಸಿಕೊಂಡೇ ಬಂದರು. ಗಾಜು ಒಡೆದು ಚೆಲ್ಲದಿರಲೆಂದು ದೀಪಗಳಿಗೆ ಟೇಪು ಅಂಟಿಸಿ, ಬಾಗಿಲುಗಳನ್ನು ಸೊಂಟದ ಬೆಲ್ಟಿನಿಂದ ಬಿಗಿದರು. ಹಾಲಿಸನ ಬಾಗಿಲನ್ನು ಬಿಗಿದದ್ದು ಹಾಡುವ ಅಕ್ಕಂದಿರ ನಿಲುವಂಗಿಯ ನಡುಪಟ್ಟಿ. ಅಕ್ಕಂದಿರೆಲ್ಲ ಕರಿದ ಕೋಳಿಯ ಡಬ್ಬಿ ಹಿಡಿದು ಮೈದಾನದಂಚಿನ ಮೆಟ್ಟಿಲ ಮೇಲೆ ಕೂತಿದ್ದರು. ಬಾವುಟ ಬಿದ್ದಾಗ ದೊಡ್ಡ ಎಂಜಿನ್ನಿನ ಕಾರುಗಳು ಹಾರಿ ಹೋದವು. ತೊಟ್ಟಿ ಕಾರು ಧೂಳಿನಲ್ಲಿ ಕೆಮ್ಮುತ್ತಾ ಹಿಂದೆ ಉಳಿಯಿತು.

ಆದರೆ ಕೆಮ್ಮಣ್ಣು ಬಿಸಿಲಿಗೆ ಒಡೆಯಿತು, ತಿರುವುಗಳಲ್ಲಿ ಹಂದಿ ಉರುಳುವಷ್ಟು ಗುಂಡಿ ಬಿದ್ದವು. ಪಟ್ಟಿ ಬಿಚ್ಚಿಸಿಕೊಂಡಿದ್ದ ಕಾರುಗಳು ತಿರುವಿಗೆ ಬಂದಾಗ ಕುಡಿದ ಹಸುಗಳ ಹಾಗೆ ವಾಲಿದವು. ಒಂದು ಮಗುಚಿತು. ಇನ್ನೊಂದರ ಚಕ್ರ ಕಳಚಿ ನಿಂಬೆ ಶರಬತ್ತಿನ ಅಂಗಡಿಯವರೆಗೂ ಹೋಯಿತು. ಹಾಲಿಸ್ ಒಬ್ಬನೇ ನೆಟ್ಟಗೆ, ಭಾನುವಾರದ ವೇಗಕ್ಕಿಂತ ಒಂದಿಷ್ಟು ಹೆಚ್ಚಾಗಿ, ಸುತ್ತಿ ಸುತ್ತಿ ಬಂದ. ಕೊನೆಯ ಸುತ್ತಿನಲ್ಲಿ ಗಾರ್ಲಂಡನ ಕಾರು ಅಡ್ಡಡ್ಡ ಜಾರುತ್ತಿದ್ದಾಗ ತೊಟ್ಟಿ ಅದರ ಒಳಬದಿಯಿಂದ ಸುಮ್ಮನೆ ಮುಂದೆ ಹೋಯಿತು, ನಿದ್ದೆ ಮಾಡುವ ನಾಯಿಯನ್ನು ದಾಟುವ ಹಾಗೆ.

ಗೆದ್ದ ಕಾರನ್ನು ಪರೀಕ್ಷೆ ಮಾಡುವುದು ಪದ್ಧತಿ. ಪರೀಕ್ಷಕ ಎಮೆಟ್ ರಾಗ್ಸ್‌ಡೇಲ್ ಕಾರಿನ ಕೆಳಗೆ ತೆವಳಿಕೊಂಡು ಹೋದ. ಅವನ ಬೂಟುಗಳು ಮಾತ್ರ ಹೊರಗಿದ್ದವು. ಬೂಟುಗಳು ಅಲ್ಲಾಡುವುದನ್ನು ನಿಲ್ಲಿಸಿದಾಗಲೇ ನನಗೆ ನೆನಪಾದದ್ದು.

"ಎರಡು ಪಟ್ಟಿ ಹೆಚ್ಚಿದೆ," ಅಂದ ಅವನು, ಎದ್ದು ಮೊಣಕೈ ಒರೆಸಿಕೊಳ್ಳುತ್ತಾ. "ಇದು ಭಟ್ಟಿಯೋರ ಕಮಾನು. ಏನಪ್ಪಾ ಸಾಗಿಸ್ತೀಯ ಇದ್ರಲ್ಲಿ?"

ಜನ ಸುತ್ತ ಮುತ್ತಿಕೊಂಡಿತ್ತು. ಹಾಲಿಸ್ ಬಾಯಿ ತೆರೆದ. ಆಗಲೇ ಜನರನ್ನು ಸರಿಸಿಕೊಂಡು ಐಸಿ ಅಕ್ಕ ಬಂದಳು. ಮುಖಕ್ಕೆ ಬೀಸಣಿಗೆ, ಗೆದ್ದವನಿಗೆ ಅಂತ ಕೈಯಲ್ಲಿ ಕೋಳಿಯ ದೊಡ್ಡ ತೊಡೆ. ಹಾಲಿಸ್ ಅವಳನ್ನು ನೋಡಿದ, ನನ್ನನ್ನು ನೋಡಿದ, ತನ್ನ ಬೂಟು ನೋಡಿಕೊಂಡ.

"ಕಳ್ಳಭಟ್ಟಿ," ಅಂದ.

ನಾನು ಬಾಯಲ್ಲಿದ್ದ ತಂಬಾಕನ್ನು ನುಂಗಿಬಿಟ್ಟೆ. ಗಾರ್ಲಂಡ್ ಮೊದಲು ನಕ್ಕ. "ಅಪ್ಪನ ಮಗ ಕಣ್ರೋ. ಕೊನೆಗೂ ಸಿಕ್ಕ." ಗೆಲುವಿನ ಬಟ್ಟಲು ಅವನ ಕೈಗೆ ಹೋಯಿತು. ಬಟ್ಟಲು ಹೋದದ್ದಕ್ಕೆ ಹಾಲಿಸ್ ಬೇಸರ ಮಾಡಿಕೊಳ್ಳಲಿಲ್ಲ. ಮರುದಿನ ಅಂಗಡಿ ಕಟ್ಟೆಯಲ್ಲಿ ಒಬ್ಬ ಮುದುಕ ಅವನನ್ನು ನೋಡಿ ಮೂಗೆಳೆದಾಗ ಮಾತ್ರ ಅವನ ಮುಖ ಮಣ್ಣಾಯಿತು.

ನಮ್ಮ ಚರ್ಚಿನಲ್ಲಿ ತಿಂಗಳಿಗೊಂದು ಶನಿವಾರ ಸಭೆ. ತಪ್ಪು ಮಾಡಿದವನು ಎಲ್ಲರ ಮುಂದೆ ನಿಂತು, ಮಾಡಿದ್ದು ಹೌದು, ಕ್ಷಮಿಸಿ ಅನ್ನಬೇಕು. ಅಂದವನನ್ನು ಕೈ ಎತ್ತಿ ಉಳಿಸಿಕೊಳ್ಳುತ್ತಾರೆ. ಅನ್ನದಿದ್ದರೆ ಹೆಸರು ಹೊಡೆದು ಹೊರಗೆ ಹಾಕುತ್ತಾರೆ. ನಾನು ಆ ಜಾಗದಲ್ಲಿ ನಿಂತು ನಿಂತು ಹಲಗೆ ಸವೆದಿತ್ತು. ಸುಲಭದ ಕೆಲಸ. ಆ ತಿಂಗಳು ಕರೆ ಬಂದದ್ದು ಹಾಲಿಸನಿಗೆ.

"ಒಂದು ಮಾತು ಅಂದ್ಬಿಡೋ," ಅಂತ ದಾರಿಯುದ್ದಕ್ಕೂ ಹೇಳಿದೆ. "ಸಾಗಿಸ್ದೆ, ತಪ್ಪಾಯ್ತು. ಮುಗೀತು."

"ರಾಗ್ಸ್‌ಡೇಲ್ ಹತ್ರ ಹೇಳಿದ್ದು ಬೇರೆ," ಅಂದ. "ಅಮ್ಮ ಕೈ ಇಡಿಸಿದ ಪುಸ್ತಕ ಅಲ್ಲೇ ಇರತ್ತೆ ಕಣೋ."

ಹಾಗಾಗಿ ಅವನು ಮುಂದೆ ಹೋಗಿ, ಟೋಪಿ ಹಿಡಿದುಕೊಂಡು, ಸುಮ್ಮನೆ ನಿಂತ. ಸಾಗಿಸಿದೆ ಅಂದರೆ ಸುಳ್ಳು, ಇಲ್ಲ ಅಂದರೆ ಮತ್ತೇನು ಅಂತ ಕೇಳುತ್ತಾರೆ. ಪಾದ್ರಿ ಸ್ಟ್ರೌಡ್ ಒಮ್ಮೆ ಕೇಳಿದರು, ಮತ್ತೆ ಕೇಳಿದರು, ಕೆಮ್ಮಿದರು.

"ಮಾತಾಡದಿದ್ರೆ ನಾವೇನು ಮಾಡೋಣ ಹಾಲಿಸ್? ಹೊರಗೆ ಹಾಕೋದಾದ್ರೆ ಕೈ ಎತ್ತಿ."

ಮೊದಲ ಕೈಗಳು ಏಳುತ್ತಿದ್ದಾಗ ಬೆಂಚೊಂದು ಕಿರುಗುಟ್ಟಿತು. ಎದ್ದವಳು ಐಸಿ ಅಕ್ಕ.

"ಕೈ ಇಳಿಸಿ. ಆ ಪಟ್ಟಿ ನಂದು."

"ನಿಂದಾ ಐಸಿ ಅಕ್ಕ? ನೀನು ಭಟ್ಟಿ..."

"ನನ್ನ ಹಿಂಭಾಗ ಪಾದ್ರಿಗಳೇ. ಹಿಂಭಾಗಕ್ಕೆ ಹಾಕಿಸಿದ್ದು. ಕಂಪನಿಯೋರು ಕಳಿಸಿದ್ರು ಅಂದ ಇವನು. ಯಾವ ಕಂಪನಿ ಕಳಿಸತ್ತೆ? ಒಂದು ಸಲ ಬಂಡೆ ಮೇಲೆ ಕೂತ ಕಾರು ಮುಂದಿನ ಸಲ ತೇಲಿದ್ರೆ, ನಾನು ಸಣ್ಣಗಾದೆ ಅಂದ್ಕೊಳ್ಳೋಕೆ ಮನೇಲಿ ಕನ್ನಡಿ ಇಲ್ವಾ?"

ಯಾರೋ ಕಿಸಕ್ಕೆಂದರು. ಅವಳು ಆ ಕಡೆ ನೋಡಿದಳು, ಕಿಸಕ್ ಅಲ್ಲೇ ಸತ್ತಿತು.

"ಮೈದಾನದಲ್ಲಿ ಅವನು ಭಟ್ಟಿ ಅಂದಾಗ ನಂಗೆ ಅರ್ಥವಾಯ್ತು. ಬಾಯಿ ಬರಲಿಲ್ಲ, ಅಷ್ಟು ಜನ. ಇಲ್ಲಿರೋರು ನನ್ನನ್ನ ಹುಟ್ಟಿದಾಗಿಂದ ನೋಡ್ತಿದ್ದೀರ. ಸಾಕ್ಷಿ ಬೇಕಾ? ಆಚೆ ಬನ್ನಿ."

ಚರ್ಚಿಗೆ ಚರ್ಚೇ ಆಚೆ ಬಂತು. ಅಕ್ಕಂದಿರೆಲ್ಲ ಒಬ್ಬೊಬ್ಬರಾಗಿ ತೊಟ್ಟಿ ಕಾರು ಹತ್ತಿದರು, ಕೊನೆಯಲ್ಲಿ ಐಸಿ ಅಕ್ಕ. ಪಾದ್ರಿ ನೆಲಕ್ಕೆ ಕೆನ್ನೆ ತಾಗಿಸಿ ಹಿಂದಿನ ಕಮಾನು ನೋಡಿದರು. ಅದು ಒಂದು ಬೆರಳಿನಷ್ಟೂ ಇಳಿದಿರಲಿಲ್ಲ. ಆ ಹಾಸಿಗೆ ಸೀಟಿನ ವಿರುದ್ಧ ಅಷ್ಟು ಗುಡುಗಿದ್ದವರು ಅದರ ಕೆಳಗೇ ಮಲಗಿ, "ದೇವರಿಗೆ ಸ್ತೋತ್ರ" ಅಂದರು.

ಪಾದ್ರಿ ಎದ್ದು ಹಾಲಿಸನ ಕಡೆ ತಿರುಗಿದರು. "ಹಾಗಾದ್ರೆ ಮೈದಾನದಲ್ಲಿ ಸುಳ್ಳು ಹೇಳಿದ್ಯಾ?"

"ಹೌದು ಪಾದ್ರಿಗಳೇ. ಅದು ತಪ್ಪಾಯ್ತು. ಕ್ಷಮಿಸಿ."

ಎಲ್ಲ ಕೈಗಳೂ ಎದ್ದವು. ಕಾರಿನ ಕಿಟಕಿಗಳಿಂದಲೂ.

ಐಸಿ ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಬಟ್ಟಲು ವಾಪಸ್ಸು ಕೊಡಿಸು ಅಂತ ರಾಗ್ಸ್‌ಡೇಲನ ಮನೆಗೇ ಕಾರು ಹೊಡೆಸಿದಳು. ಅವನು ಎಲ್ಲವನ್ನೂ ಕೇಳಿ ತಲೆ ಕೆರೆದುಕೊಂಡ.

"ನೋಡಮ್ಮಾ, ಒಳಗೆ ಕೂತದ್ದು ಭಟ್ಟಿಯೋ ದೇವರ ಹಾಡೋ, ನಿಯಮಕ್ಕೆ ಬೇಕಿಲ್ಲ. ಕಮಾನಿಗೆ ಎರಡು ಪಟ್ಟಿ ಹೆಚ್ಚು."

"ಅದೂ ಸರಿಯೇ," ಅಂದಳು ಅವಳು. ಬಟ್ಟಲು ಗಾರ್ಲಂಡನ ಮನೆಯಲ್ಲೇ ಉಳಿಯಿತು. ಅವನ ಕೋಳಿಗಳು ಅದರಲ್ಲಿ ನೀರು ಕುಡಿಯುತ್ತಿದ್ದವು.

ಹಾಲಿಸ್ ಮತ್ತೆ ರೇಸಿಗೆ ಹೋಗಲಿಲ್ಲ. ಮದುವೆಯಾದ, ಹೆಣ್ಣುಮಕ್ಕಳಾದರು, ಮಿಲ್ಲು ಮುಚ್ಚುವವರೆಗೂ ಮಗ್ಗ ರಿಪೇರಿ ಮಾಡಿದ. ಐಸಿ ಅಕ್ಕ ಒಂದು ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದಳು. ಉಳಿದ ಅಕ್ಕಂದಿರಿಗೆ ಅವರವರ ಮೊಮ್ಮಕ್ಕಳ ಕಾರು ಬಂದವು. ಬಿಗಿ ಕಮಾನಿನ ಮೇಲೆ ಹಾಲಿಸ್ ಒಬ್ಬನೇ ಕೂತು ಓಡಿಸಿದರೆ ತೊಟ್ಟಿ ಕಾರು ಬಿಸಿ ಬಾಣಲೆಗೆ ಬಿದ್ದ ಜೋಳದ ಹಾಗೆ ಸಿಡಿಯುತ್ತಿತ್ತು. ಪ್ರತಿ ಗುಂಡಿಗೂ ಅವನ ತಲೆ ಚಾವಣಿಗೆ ಬಡಿಯುತ್ತಿತ್ತು. ಅವನ ಟೋಪಿಗಳೆಲ್ಲ ಮೇಲೆ ಚಪ್ಪಟೆ.

"ಆ ಪಟ್ಟಿ ಬಿಚ್ಚಿಕೊಡ್ಲೇನೋ? ಕತ್ತು ಮುರ್ಕೋತೀಯ," ಅಂದೆ ಒಂದು ದಿನ.

ಅವನು ಟೋಪಿ ತೆಗೆದು, ಒಳಗಿನಿಂದ ಗುದ್ದಿ ನೆಟ್ಟಗೆ ಮಾಡಿ, ಮತ್ತೆ ಹಾಕಿಕೊಂಡ.

"ಅವಳ ಜಾಗ ಕಣೋ ಅದು. ಇರಲಿ ಬಿಡು," ಅಂದು ತೊರೆಯ ಕಡೆ ಕಾರು ತಿರುಗಿಸಿದ.