ಭಾನುವಾರದ ಮ್ಯಾಟಿನಿಯಲ್ಲಿ ಮುಳುಗದ ದೋಣಿ

ಕಳೆದ ವಾರ ಅಕ್ಕನ ಮೊಮ್ಮಗಳು ಸೋಫಾದ ಮೇಲೆ ಕುಳಿತು, ಉಗುರಿನ ಬಣ್ಣ ತೆಗೆಯುವ ಪುಟ್ಟ ಬಾಟಲಿಯ ಮುಚ್ಚಳ ತೆರೆದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, "ಅಯ್ಯೋ, ಆಪರೇಟರಣ್ಣನ ವಾಸನೆ!" ಎಂದುಬಿಟ್ಟೆ. ಮಗು ನಕ್ಕಿತು. ಅಕ್ಕ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆ ಮಡಚುವುದನ್ನು ನಿಲ್ಲಿಸಿ, "ಹೌದಲ್ವಾ..." ಎಂದಳು.

ಅದು ಫಿಲ್ಮ್ ಅಂಟಿಸುವ ಗಮ್ಮಿನ ವಾಸನೆ. ಪಡೀಲಿನಲ್ಲಿ ನಮ್ಮ ಪಕ್ಕದ ಮನೆಯವರು ಪೇಟೆಯ ಒಂದು ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಊರಿಗೆಲ್ಲ ಅವರು ಆಪರೇಟರಣ್ಣ. ತುಂಡಾದ ರೀಲಿನ ತುದಿಯನ್ನು ಬ್ಲೇಡಿನಿಂದ ಕೆರೆದು, ಗಮ್ಮು ಹಚ್ಚಿ, ಬೆರಳಿನಿಂದ ಒತ್ತಿ ಹಿಡಿಯುವುದು ಅವರ ದಿನನಿತ್ಯದ ಕೆಲಸ. ಎಷ್ಟು ಸಾಬೂನು ಹಾಕಿದರೂ ಅಂಗಿಯಿಂದ ಆ ವಾಸನೆ ಹೋಗುತ್ತಿರಲಿಲ್ಲ.

ನಾನು ಆಗ ಬೈಕಂಪಾಡಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟೈಪಿಸ್ಟ್. ಟೈಪಿಂಗ್ ಹೊಟ್ಟೆಪಾಡಿಗೆ, ಉಳಿದ ಜೀವವೆಲ್ಲ ಸಿನಿಮಾಕ್ಕೆ. ಸುಮ್ಮನೆ ನೋಡಿ ಬರುವ ಜಾತಿಯವಳಲ್ಲ ನಾನು. ಯಾವ ಸೀನ್ ಎಲ್ಲಿ ಮುಗಿಯಬೇಕಿತ್ತು, ಅಳುವ ಕಡೆಯಲ್ಲೆಲ್ಲ ಪಿಟೀಲು ಕುಯ್ಯುವ ಸಂಗೀತ ನಿರ್ದೇಶಕನಿಗೆ ಎಂತಹ ಸೋಮಾರಿತನ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಸೋಮವಾರ ಬೆಳಿಗ್ಗೆ ಕಾಂಪೌಂಡ್ ಗೋಡೆಯ ಆಚೆ ಅವರು, ಈಚೆ ನಾನು. ಮನೆಯ ವಿಷಯವೆಲ್ಲ ತುಳುವಿನಲ್ಲಿ; ಸಿನಿಮಾ ಬಂದ ಕೂಡಲೇ ಇಬ್ಬರಿಗೂ ತಾನಾಗಿ ಕನ್ನಡ ಬರುತ್ತಿತ್ತು.

"ಇಂಟರ್ವಲ್ ಆದ ಮೇಲಿನ ಡ್ಯೂಯೆಟ್ ಯಾಕೆ ಬೇಕು ಆಪರೇಟರಣ್ಣ?" ಎಂದು ನಾನು ಹಾರಾಡಿದರೆ, "ಅದು ಕ್ಯಾಂಟೀನಿನವನಿಗೆ ಮಾರಾಯ್ತಿ, ನಿನಗಲ್ಲ," ಎನ್ನುತ್ತಿದ್ದರು. ಒಂದೊಂದು ಸಿನಿಮಾವನ್ನು ನೂರು ಸಲ ಪ್ರೊಜೆಕ್ಟರ್ ರೂಮಿನ ಕಿಂಡಿಯಿಂದ ನೋಡಿದ ಮನುಷ್ಯ. ಆದರೆ ಅವರಿಗಿದ್ದದ್ದು ಒಂದೇ ಒಂದು ಅಳತೆ. "ಜನ ಕೆಮ್ಮಿದ್ರೆ ಸೀನ್ ಉದ್ದ ಆಯ್ತು ಅಂತ. ಅಷ್ಟೇ. ನಿನ್ನ ನೋಟ್‌ಬುಕ್ ಎಲ್ಲ ಬೇಡ."

ಆ ವರ್ಷ ನಮ್ಮ ಮನೆಯಲ್ಲಿ ನಗು ಸತ್ತುಹೋಗಿತ್ತು. ಅಕ್ಕನನ್ನು ಉಳ್ಳಾಲಕ್ಕೆ ಕೊಟ್ಟಿದ್ದೆವು. ಮದುವೆಯಾಗಿ ಎರಡು ವರ್ಷಕ್ಕೆ, ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಮೀನಿನ ಬೋಟು ಮಗುಚಿ ಭಾವ ತೀರಿಕೊಂಡರು. ಕೈಗೂಸನ್ನು ಎತ್ತಿಕೊಂಡು ಪಡೀಲಿಗೆ ಬಂದ ಅಕ್ಕ ಒಂದು ವರ್ಷ ಗೇಟು ದಾಟಲಿಲ್ಲ. ರೇಡಿಯೋ ಹಾಕಿದರೂ ಎದ್ದು ಒಳಗೆ ಹೋಗುತ್ತಿದ್ದಳು. ಮದುವೆಗೆ ಮೊದಲು ಬಟ್ಟೆ ಒಗೆಯುವಾಗಲೂ ಹಾಡುತ್ತಿದ್ದವಳು.

ಅಂಥ ಅಕ್ಕನನ್ನು ಹೇಗಾದರೂ ಹೊರಗೆ ತರಬೇಕೆಂದು ನಾನು ಹಟ ಹಿಡಿದೆ. ತಂದದ್ದು ಎಲ್ಲಿಗೆ ಗೊತ್ತುಂಟಾ? ದೋಣಿ ಮುಳುಗುವ ಸಿನಿಮಾಕ್ಕೆ! ನಾನು ಅದನ್ನು ಆಗಲೇ ಎರಡು ಸಲ ನೋಡಿದ್ದೆ. ಹಾಡುಗಳು ಚಂದ, ಅದಕ್ಕಿಂತ ಆ ದೋಣಿಯ ಸೀನು. ಮಾತಿಲ್ಲ, ಕಥೆಯಿಲ್ಲ, ಹೊಳೆಯ ನಡುವೆ ದೋಣಿ ನಿಧಾನಕ್ಕೆ ಇಳಿಯುತ್ತದೆ, ಒಂದು ಕೊಳಲು ಮಾತ್ರ. ಆ ಕೊಳಲಿನ ಬಗ್ಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿದ್ದೆ. ನನಗೆ ಅದು ಸೀನು, ಸಂಗೀತ. ಅಕ್ಕನಿಗೆ ಅದು ಏನಾಗಬಹುದು ಎಂದು ದೇವರಾಣೆಗೂ ಹೊಳೆಯಲಿಲ್ಲ.

ಆಪರೇಟರಣ್ಣನಿಗೆ ಹೊಳೆದಿತ್ತು. ಭಾನುವಾರ ಮ್ಯಾಟಿನಿಗೆ ಅಕ್ಕನನ್ನು ಕರೆತರುತ್ತೇನೆ ಎಂದಾಗ ಅವರ ಮುಖ ಸಣ್ಣದಾಯಿತು.

"ಬೇಡ ಮಾರಾಯ್ತಿ. ಇದು ಹೋದ ಮೇಲೆ ಕಾಮಿಡಿ ಒಂದು ಬರ್ತದೆ, ಅದಕ್ಕೆ ಕರ್ಕೊಂಡು ಬಾ."

"ಕಾಮಿಡಿ ಎಂತಕ್ಕೆ? ಆ ಕೊಳಲು ಅವಳು ಕೇಳ್ಬೇಕು."

"ಆ ಸೀನ್ ಸ್ವಲ್ಪ ಉದ್ದ ಉಂಟು. ಜನ ಕೆಮ್ತಾರೆ."

ನನಗೆ ಪಿತ್ತ ನೆತ್ತಿಗೇರಿತು. ಸಂಗೀತ ಗೊತ್ತಿಲ್ಲದವರ ಹತ್ತಿರ ಎಂತ ಮಾತು ಎಂದು ಒಳಗೆ ಬಂದೆ.

ಭಾನುವಾರ ಅಕ್ಕ ಒಂದು ವರ್ಷದ ಮೇಲೆ ಒಳ್ಳೆಯ ಸೀರೆ ಉಟ್ಟಳು. ಟಾಕೀಸಿನಲ್ಲಿ ನನ್ನ ಪಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕುಳಿತಿದ್ದಳು. ದೋಣಿ ದಡ ಬಿಟ್ಟಿತು. ಕೊಳಲಿನ ಒಂದು ಚೂರು ಕೇಳಿಸಿತು, ಒಂದು ಉಸಿರಿನಷ್ಟು. ಪರದೆಯ ಮೇಲೆ ಚಿತ್ರ ಟಪ್ಪೆಂದು ಹಾರಿತು. ನೋಡಿದರೆ ಅಂಗಳ, ಬಿಳಿ ಸೀರೆ, ಮುಂದಿನ ಸೀನು. ದೋಣಿ ಮುಳುಗಲೇ ಇಲ್ಲ!

ಭಾನುವಾರ ಒಂದು ಶೋ ಹೆಚ್ಚು ಹಾಕುವಾಗ ಹಾಡೊಂದನ್ನು ಕತ್ತರಿಸಿ, ಸೋಮವಾರ ಮತ್ತೆ ಅಂಟಿಸುವುದು ಆಗೆಲ್ಲ ಇದ್ದದ್ದೇ. ಆದರೆ ಡ್ಯೂಯೆಟ್ ಬಿಟ್ಟು ಇದನ್ನಾ? ಉದ್ದ ಆಯ್ತು ಎಂದದ್ದು ನೆನಪಾಯಿತು. ನನ್ನ ಮೇಲಿನ ಹಟಕ್ಕೇ ಕತ್ತರಿಸಿದ್ದಾರೆ ಎಂದುಕೊಂಡೆ. ಸಿನಿಮಾ ಬಿಟ್ಟ ಮೇಲೆ ಅಕ್ಕನನ್ನು ಕ್ಯಾಂಟೀನಿನ ಹತ್ತಿರ ನಿಲ್ಲಿಸಿ, ಈಗ ಬಂದೆ ಎಂದು ಹೇಳಿ, ನೇರ ಮ್ಯಾನೇಜರ್ ರೂಮಿಗೆ ನುಗ್ಗಿದೆ. ಅಲ್ಲಿ ಸಿನಿಮಾ ಕೊಟ್ಟ ಕಂಪೆನಿಯ ಮನುಷ್ಯನೂ ಕುಳಿತಿದ್ದ. "ನಿಮ್ಮ ಆಪರೇಟರ್ ಮನಸ್ಸಿಗೆ ಬಂದ ಹಾಗೆ ಸಿನಿಮಾ ಕತ್ತರಿಸ್ತಾರೆ, ಇದಕ್ಕೆ ಹೇಳುವವರು ಕೇಳುವವರು ಯಾರೂ ಇಲ್ವಾ?" ಎಂದು ಕೂಗಾಡಿದೆ.

ಬಸ್ಸಿನಲ್ಲಿ ನಾನು ಉರಿಯುತ್ತಾ ಕುಳಿತಿದ್ದೆ. ಕಿಟಕಿಯ ಪಕ್ಕ ಅಕ್ಕ ಆ ಸಿನಿಮಾದ ಒಂದು ಹಾಡನ್ನು ಮೆಲ್ಲಗೆ ಗುನುಗುತ್ತಿದ್ದಳು... ಕೇಳಿಸಿತು, ಆದರೆ ನನ್ನ ತಲೆಯಲ್ಲಿದ್ದದ್ದು ಕೇಳಿಸದ ಕೊಳಲು. ಮ್ಯಾನೇಜರ್ ರೂಮಿನ ವಿಷಯ ಮನೆಯಲ್ಲಿ ಹೇಳಲಿಲ್ಲ. ನೆರೆಮನೆಯವರ ಮೇಲೆ ದೂರು ಕೊಟ್ಟೆ ಎಂದರೆ ಅಮ್ಮ ಸುಮ್ಮನಿರುವವರಲ್ಲ.

ಮರುವಾರ ಪೂರ್ತಿ ಕೊಳಲು ಕೇಳಲೇಬೇಕೆಂದು ಒಬ್ಬಳೇ ಹೋದೆ. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು ಆಪರೇಟರಣ್ಣ. ಇಪ್ಪತ್ತು ವರ್ಷ ಯಂತ್ರ ನಡೆಸಿದವರನ್ನು, ಆ ಸಿನಿಮಾ ಇರುವಷ್ಟು ದಿನ ಪ್ರೊಜೆಕ್ಟರ್ ರೂಮಿಗೆ ಹತ್ತಬಾರದು ಎಂದು ಗೇಟಿಗೆ ಹಾಕಿದ್ದರು. ನನ್ನ ಟಿಕೆಟ್ಟನ್ನೂ ಹರಿದರು. ಅರ್ಧ ಚೂರು ನನ್ನ ಕೈಗಿಟ್ಟು, "ಇವತ್ತು ಆ ಸೀನ್ ಫುಲ್ ಉಂಟು, ಹೋಗಿ ನೋಡು," ಎಂದರು. ಸಿಟ್ಟಿಲ್ಲ, ಕೊಂಕಿಲ್ಲ. ನಾನು ಗೆದ್ದವಳ ಹಾಗೆ ಒಳಗೆ ಹೋದೆ.

ಆಮೇಲೆಯೂ ಗೋಡೆಯ ಆಚೆ ಅವರು, ಈಚೆ ನಾನು. ಅವರು ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಟಾಕೀಸು ಮುಚ್ಚಿತು, ಅವರು ಮಗಳ ಮನೆಗೆ ಹೋದರು, ಅಲ್ಲಿಯೇ ತೀರಿಕೊಂಡರು. ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ, ಹೋಗಿದ್ದೆ. ಅಲ್ಲಿಯೂ, ನಾಚಿಕೆಯಿಲ್ಲದವಳು, ಪಕ್ಕದಲ್ಲಿ ಕುಳಿತವರ ಹತ್ತಿರ ಆ ಕೊಳಲನ್ನು ಹೊಗಳಿ ಬಂದೆ.

ಇಷ್ಟು ನೆನಪಾಗಿ, ಕಳೆದ ವಾರ ಮಗುವಿನ ಹತ್ತಿರ ಸಿನಿಮಾದ ಹೆಸರು ಹೇಳಿದೆ. ಒಂದು ನಿಮಿಷದಲ್ಲಿ ಟಿವಿಯಲ್ಲಿ ಹುಡುಕಿ ಹಾಕಿ, ಹಳೆಯದು ಬೋರು ಎಂದು ಎದ್ದು ಹೋಯಿತು. ನಾವಿಬ್ಬರೇ ಕುಳಿತು ನೋಡಿದೆವು. ದೋಣಿ ದಡ ಬಿಡುವಾಗ ಅಕ್ಕ ಸೋಫಾದ ಕೈ ಹಿಡಿದಳು.

"ಆ ದಿನ ಇದು ಬರ್ಲಿಲ್ಲ," ಎಂದಳು.

ನಾನು ರಿಮೋಟ್ ಒತ್ತಿ ನಿಲ್ಲಿಸಿದೆ.

"ಹಿಂದಿನ ದಿನ ನೀನು ಆಫೀಸಿಗೆ ಹೋದ ಮೇಲೆ ಆಪರೇಟರಣ್ಣ ಬಂದಿದ್ರು. 'ಧೈರ್ಯವಾಗಿ ಬಾ ಮಗಾ, ನಿನಗೆ ನಾಳೆ ದೋಣಿ ಮುಳುಗುವುದಿಲ್ಲ' ಅಂದ್ರು. ನಿನಗೆ ಹೇಳ್ಬೇಡ ಅಂದ್ರು. ತಂಗಿ ಆಸೆಯಿಂದ ಕರ್ಕೊಂಡು ಬರ್ತಾಳೆ, ಗೊತ್ತಾದ್ರೆ ಅವಳಿಗೆ ಬೇಜಾರಾಗ್ತದೆ ಅಂತ."

ನಾನು ಮ್ಯಾನೇಜರ್ ರೂಮು, ಗೇಟು, ಅರ್ಧ ಟಿಕೆಟ್ಟು, ಎಲ್ಲ ಹೇಳಿದೆ. ಇಷ್ಟು ವರ್ಷ ಅರ್ಧ ಕಥೆ ಅವಳ ಹತ್ತಿರ, ಅರ್ಧ ನನ್ನ ಹತ್ತಿರ ಇತ್ತು.

"ಅವರನ್ನು ಗೇಟಿಗೆ ಹಾಕಿಸಿದ್ದು ನೀನಾ?" ಎಂದಳು ಅಕ್ಕ. "ಅದಾದ ಮೇಲೂ ನಮ್ಮಲ್ಲಿಗೆ ಬರ್ತಿದ್ರಲ್ಲ... ಒಂದು ದಿನ ಕೂಡ ಹೇಳ್ಲಿಲ್ಲ."

ಅಳು ಬಂತು. ಅತ್ತುಬಿಟ್ಟೆ. ಕ್ಷಮೆ ಕೇಳಲು ಹೋಗೋಣವೆಂದರೆ ಗೋಡೆಯ ಆಚೆ ಈಗ ಯಾರದೋ ಕಾರು ನಿಲ್ಲುತ್ತದೆ.

"ಹಾಕು, ಈಗ ನೋಡ್ತೇನೆ," ಎಂದಳು ಅಕ್ಕ. ಹಾಕಿದೆ. ಕೊಳಲು ಶುರುವಾಯಿತು, ದೋಣಿ ಇಳಿಯತೊಡಗಿತು. ನೀರು ಅಂಚು ಮುಟ್ಟುವ ಹೊತ್ತಿಗೆ ಅಕ್ಕ ಸಣ್ಣಗೆ ಕೆಮ್ಮಿದಳು.

ನಾನು ರಿಮೋಟ್ ಒತ್ತಿ ಆ ಸೀನ್ ದಾಟಿಸಿಬಿಟ್ಟೆ.