ರತ್ನಿಯ ಕರೆಂಟ್ ಗಾಡಿ

ರತ್ನಿ, ಅಂಗಡಿಯವನು ಆಗಲ್ಲ ಅಂದ ಎಂದು ನಿನಗೆ ಹೇಳಿದೆನಲ್ಲ — ಅದು ಸುಳ್ಳು. ಅವನು ಹಾಗನ್ನಲೇ ಇಲ್ಲ. ಆ ಸುಳ್ಳು ಹುಟ್ಟಿಸಿದವನು ನಾನು, ನಿನ್ನ ಒಡಹುಟ್ಟಿದ ಅಣ್ಣ.

ಚಿಕ್ಕಂದಿನಲ್ಲೇ ಪೋಲಿಯೊ ನಿನ್ನ ಬಲಗಾಲಿನ ಶಕ್ತಿ ಕಸಿದಿತ್ತು. ಮಂಡ್ಯಕ್ಕೆ ಹೊಲಿಗೆ ಕಲಿಸಲು ಹೋಗಬೇಕೆಂದರೆ ನಮ್ಮೂರು ಹೊಳಲಿನಿಂದ ನೀನು ನನ್ನ ಬೈಕಿನ ಹಿಂದೆ ಕೂತೇ ಹೋಗುತ್ತಿದ್ದೆ. ಒಂದು ದಿನ ನೀನೇ ಅಂದೆ: "ಕರೆಂಟ್ ಗಾಡಿಗೆ ಪಕ್ಕದಲ್ಲಿ ಎರಡು ಚಕ್ರ ಹಾಕ್ಕೊಡ್ತಾರಂತೆ ಕಣಣ್ಣ. ಕಿಕ್ ಹೊಡೆಯಂಗಿಲ್ಲ, ಬಂಕಿನಲ್ಲಿ ನಿಲ್ಲಂಗಿಲ್ಲ. ಇಚಾರ್ಸ್ಕೊಂಡ್ ಬಾ."

ವಿಚಾರಿಸಿದೆ. ಮಂಡ್ಯದ ಅಂಗಡಿಯವನು, "ಹಾಕ್ಕೊಡಬೋದು ಸಾರ್. ತಂಗೀನ ಕರ್ಕೊಂಡ್ ಬನ್ನಿ, ಕೂತು ನೋಡ್ಲಿ" ಎಂದ.

ನೀನು ಬಿದ್ದುಬಿಟ್ಟರೆ ಎಂದು ಹೆದರಿದೆ ಎನ್ನಬಹುದಿತ್ತು. ಆದರೆ ಅದಲ್ಲ... ತಂಗಿಯನ್ನು ಕೂರಿಸಿಕೊಂಡು ತಿರುಗುವ ಅಣ್ಣನೆಂದು ಊರು ನನ್ನನ್ನು ಹೊಗಳುತ್ತಿತ್ತು. ಆ ಹೊಗಳಿಕೆಯ ರುಚಿ ಹತ್ತಿತ್ತು. ನೀನೇ ಗಾಡಿ ಓಡಿಸಿದರೆ — ನಾನು ಯಾರು?

"ಆಗಕಿಲ್ವಂತೆ ಕಣವ್ವ, ಬುಟ್ಬುಡು" ಎಂದೆ.

ನೀನು ಬಿಡಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಮದ್ದೂರಿಗೆ ಹೋಗಿ ಇನ್ನೊಂದು ಅಂಗಡಿಯಲ್ಲಿ ಕೇಳಿದೆ. ಕಾಲು ನೆಲಕ್ಕೆ ಎಟುಕುತ್ತದೆಯೇ, ಗಾಡಿ ಹಿಂದಕ್ಕೂ ಹೋಗುತ್ತದೆಯೇ, ಮಳವಳ್ಳಿಯ ಅಕ್ಕನ ಮನೆ ಮುಟ್ಟುವವರೆಗೆ ಚಾರ್ಜು ಬರುತ್ತದೆಯೇ — ಎಲ್ಲ ಕೆದಕಿ ಕೇಳಿದೆಯಂತೆ. ಥಳಥಳಿಸುವ ಕೆಂಪು ಗಾಡಿಯನ್ನು ಬಿಟ್ಟು ಕುಳ್ಳಗಿನ, ಅಗಲ ಸೀಟಿನ ಬೂದು ಗಾಡಿಯನ್ನು ಆರಿಸಿದೆ. ನಾನಾಗಿದ್ದರೆ ಬಣ್ಣಕ್ಕೇ ಸೋಲುತ್ತಿದ್ದೆ.

ಅದಕ್ಕೆ ಪಕ್ಕದ ಚಕ್ರ ಹಾಕಿಸಿ, ಓಡಿಸಲು ಕಲಿತು, ಲೈಸೆನ್ಸ್ ಮಾಡಿಸಿಕೊಂಡು, ಸದ್ದಿಲ್ಲದೆ ಬಂದು ಮನೆ ಮುಂದೆ ಗಾಡಿ ನಿಲ್ಲಿಸಿದ ದಿನ — ಎಷ್ಟು ನೆಟ್ಟಗೆ ಕೂತಿದ್ದೆ ನೀನು! ನನ್ನ ಬೆನ್ನ ಹಿಂದೆಯೇ ಇದ್ದವಳನ್ನು ಅವತ್ತೇ ಮೊದಲು ಕಣ್ತುಂಬ ನೋಡಿದೆ.

"ಆ ಮಂಡ್ಯದೋನು ನಿಂಗೆ ಸುಳ್ಳೇಳವ್ನೆ ಕಣಣ್ಣ" ಎಂದು ನೀನು ಅವನನ್ನು ಬೈದೆ. ನಾನು ಹೌದೆಂದು ತಲೆಯಾಡಿಸಿದೆ. ಮೊದಲ ಸುಳ್ಳಿಗಿಂತ ಆ ತಲೆಯಾಡಿಸುವಿಕೆ ದೊಡ್ಡ ತಪ್ಪು.

ವರ್ಷಗಳಾದವು. ಈಗ ನಿನ್ನಂಥ ಹೆಣ್ಣುಮಕ್ಕಳು ಗಾಡಿ ಕೊಳ್ಳುವ ಮೊದಲು ನಿನ್ನನ್ನೇ ಕೇಳಲು ಬರುತ್ತಾರೆ. ಸೀಟಿನಲ್ಲಿ ಕೂರಿಸಿ, ಬ್ರೇಕು ಹಿಡಿಸಿ, ಎಲ್ಲವನ್ನೂ ನೀನು ತಾಳ್ಮೆಯಿಂದ ಹೇಳಿಕೊಡುವುದನ್ನು ನೋಡಿದಾಗಲೆಲ್ಲ ನನಗೆ ಹೆಮ್ಮೆ — ಹಾಗೆನ್ನುವ ಹಕ್ಕು ನನಗಿಲ್ಲದಿದ್ದರೂ. ನಿನ್ನೆ ದುದ್ದದಿಂದ ಬಂದ ಹುಡುಗಿಗೆ ನೀನು, "ಮಂಡ್ಯದ ಆ ಅಂಗಡಿಗೆ ಮಾತ್ರ ಓಗ್ಬೇಡ ಕಣಮ್ಮ" ಎಂದೆ. ನಾನು ಅಲ್ಲೇ ನಿಂತಿದ್ದೆ.

ಆ ಹುಡುಗಿಗೆ ಮದ್ದೂರು ದೂರ, ಮಂಡ್ಯ ಹತ್ತಿರ. ಆ ಅಂಗಡಿಯವನು ಒಳ್ಳೆಯವನೆಂದು ನಾನೇ ದುದ್ದಕ್ಕೆ ಹೋಗಿ ಅವಳಿಗೆ ಹೇಳುತ್ತೇನೆ. ಹಾಗಾದರೆ ನಿಮ್ಮ ತಂಗಿ ಯಾಕೆ ಬೇಡವೆಂದರು ಎಂದು ಅವಳು ಕೇಳಿದರೆ, ಅದನ್ನೂ ಹೇಳುತ್ತೇನೆ.